ಊರಿನ ಜಾಗ

ಕವಿಗಳು ತೀರಿಕೊಂಡ ಮೇಲೆ ಒಂದು ಜಾಲತಾಣದವರು ನನಗೆ ಫೋನ್ ಮಾಡಿದರು. "ನಿಮಗೆ ಅವರ ಒಡನಾಟ ಇತ್ತಂತೆ, ಒಂದು ಲೇಖನ ಬರೆದುಕೊಡಿ ಮೇಡಂ" ಎಂದರು. ಎಷ್ಟು ಕೊಡುತ್ತೀರಿ ಎಂದೆ. "ದುಡ್ಡು ಅಂತ ಏನೂ ಇಲ್ಲ ಮೇಡಂ, ಆದರೆ ಬಹಳ ಜನ ಓದುತ್ತಾರೆ" ಎಂದರು. ಓದುವ ಆ ಬಹಳ ಜನರಲ್ಲಿ ನನ್ನ ಅಂಗಡಿಯ ಕರೆಂಟ್ ಬಿಲ್ಲು ಕಟ್ಟುವವರು ಯಾರು ಎಂದು ಕೇಳಿದೆ. ಫೋನ್ ಇಟ್ಟುಬಿಟ್ಟರು. ನನಗೇನೂ ಬೇಜಾರಾಗಲಿಲ್ಲ. ಕವಿಗಳ ಬಗ್ಗೆ ನಾನು ಪುಕ್ಕಟೆ ಬರೆದಿದ್ದರೆ ಅವರು ಮಣ್ಣಿನೊಳಗಿಂದ ಎದ್ದು ಬಂದು ನನ್ನ ಕೀಬೋರ್ಡ್ ಕಸಿದುಕೊಳ್ಳುತ್ತಿದ್ದರು. ಈ ಬರಹ ಕೇಳಿದವರು ಕೂಲಿ ಒಪ್ಪಿಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹೆಸರು ಹಾಕುವುದಿಲ್ಲ. ಕುಷ್ಟಗಿಯಲ್ಲಾಗಲಿ ಯಲಬುರ್ಗಾ ಕಡೆಯ ಹಳ್ಳಿಗಳಲ್ಲಾಗಲಿ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಕವಿಗಳು ಎಂದರೆ ಮುಗಿಯಿತು. ಹಾಗಂತ ಅವರು ಕವನ ಬರೆದವರಲ್ಲ. ಹಳ್ಳಿಯ ಯುವಕ ಸಂಘದವರು ಹಬ್ಬಕ್ಕೆ ಆಡುವ ಸಾಮಾಜಿಕ ನಾಟಕಗಳನ್ನು ಬರೆಯುತ್ತಿದ್ದರು. ನಮ್ಮ ಕಡೆ ನಾಟಕ ಬರೆಯುವವರಿಗೆ ಕವಿಗಳು ಎನ್ನುವುದು ರೂಢಿ. ಹೊಲ ಇರಲಿಲ್ಲ, ನೌಕರಿ ಇರಲಿಲ್ಲ. ಹೆಣ್ಣುಮಕ್ಕಳ ಮದುವೆ, ಕುಷ್ಟಗಿಯ ಮನೆಯ ಮೇಲಿನ ತಗಡು, ಮನೆಯವರ ಕಣ್ಣಿನ ಆಪರೇಷನ್ ಎಲ್ಲ ನಾಟಕದಿಂದಲೇ ಆದದ್ದು.

ನನ್ನದು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಒಂದು ಡಿಟಿಪಿ ಅಂಗಡಿ. ಜೆರಾಕ್ಸ್, ಲಗ್ನಪತ್ರಿಕೆ, ಅರ್ಜಿ, ಆಧಾರ್ ಕಾರ್ಡಿನ ಪ್ರಿಂಟು. ಕವಿಗಳು ಕುಷ್ಟಗಿಯ ಬಸ್ಸಿಳಿದು ಬಂದು ಬಾಗಿಲಲ್ಲೇ ನಿಂತು ಮೊದಲು ಕೇಳುತ್ತಿದ್ದುದು ನನ್ನ ಆರೋಗ್ಯವನ್ನಲ್ಲ, "ಕರೆಂಟ್ ಐತೇನು ತಂಗಿ?" ಎಂದು. ಕೈಯಲ್ಲಿ ಒಂದು ಚೀಟಿಯೂ ಇರುತ್ತಿರಲಿಲ್ಲ. ಇಡೀ ನಾಟಕವನ್ನು ನಿಂತುಕೊಂಡು ಹೇಳುತ್ತಿದ್ದರು, ನಾನು ಟೈಪ್ ಮಾಡಬೇಕು. ಬರೆದುಕೊಂಡು ಬಂದರೆ ನನಗೂ ಸುಲಭ ಆಗುತ್ತದಲ್ಲ ಎಂದು ಒಮ್ಮೆ ಗೊಣಗಿದೆ. "ಕಾಗದಕ್ಕ ಇಳಿಸಿದ್ರ ಮಾತು ಕುಂತ ಬಿಡ್ತತಿ ತಂಗಿ. ನಾಟಕದ ಮಾತು ನಿಂತಿರಬೇಕು" ಎಂದರು. ಅವರಂತೂ ನಿಂತೇ ಇರುತ್ತಿದ್ದರು. ನನ್ನ ಸೊಂಟದ ನೋವು ಯಾರಿಗೆ ಹೇಳಲಿ.

ಗೌಡನ ಮಾತು ಬಂದಾಗ ಎದೆ ಉಬ್ಬುತ್ತಿತ್ತು, ಅತ್ತಿಗೆಯ ಮಾತು ಬಂದಾಗ ಹೆಗಲ ಮೇಲಿನ ಟವೆಲ್ಲು ತಲೆಗೆ ಏರುತ್ತಿತ್ತು. ಪಿಂಚಣಿಯ ಕಾಗದ ಜೆರಾಕ್ಸ್ ಮಾಡಿಸಲು ಬಂದ ಒಬ್ಬ ಮುದುಕಿ ಅತ್ತಿಗೆ ಮನೆ ಬಿಟ್ಟು ಹೊರಡುವ ಮಾತು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೋದವಳು ಮೂಲ ಪ್ರತಿಯನ್ನೇ ಮೆಷಿನ್ನಿನಲ್ಲಿ ಬಿಟ್ಟು ಹೋಗಿದ್ದಳು. ಶುಕ್ರವಾರ ಕವಿಗಳು ನಮಾಜು ಮುಗಿಸಿಕೊಂಡು ಮಧ್ಯಾಹ್ನದ ಮೇಲೆ ಬರುತ್ತಿದ್ದರು. ಬಂದವರು ಮೊದಲು ಬರೆಸುತ್ತಿದ್ದುದು ಗಣಪತಿಯ ನಾಂದಿ ಪದ.

ಹಾಸ್ಯದ ಮಾತು ಬಂದಾಗ ಮಾತ್ರ ದನಿ ಸಣ್ಣದು ಮಾಡಿ, ಕಣ್ಣನ್ನು ನನ್ನ ಮುಖದ ಮೇಲೆ ಇಟ್ಟು ಹೇಳುತ್ತಿದ್ದರು. ಮಾತು ಮುಗಿಯುವ ಮೊದಲೇ ನಾನು ನಕ್ಕರೆ ಅದು ಉಳಿಯಿತು. ಮುಗಿದ ಮೇಲೆ ನಕ್ಕರೆ "ಇದನ್ನ ಅಳಸು" ಎನ್ನುತ್ತಿದ್ದರು. ಚೆನ್ನಾಗಿದೆಯಲ್ಲ ಎಂದು ನಾನು ಜಗಳಕ್ಕೆ ನಿಂತರೂ ಕೇಳುತ್ತಿರಲಿಲ್ಲ. "ನೀ ವಿಚಾರ ಮಾಡಿ ನಕ್ಕಿ. ಮಂದಿ ಅಷ್ಟು ವಿಚಾರ ಮಾಡಾಕ ಚಾಪಿ ಹಾಸ್ಕೊಂಡು ಕುಂತಿರಂಗಿಲ್ಲ."

ಚಹಾದ ವಿಷಯದಲ್ಲಿ ಅವರದೊಂದು ಹಟ ಇತ್ತು. ಯಾರ ಚಹಾವನ್ನೂ ಪುಕ್ಕಟೆ ಕುಡಿಯುತ್ತಿರಲಿಲ್ಲ. ಮನೆಗೆ ಕರೆದು ಕೊಟ್ಟರೆ ಬೇರೆ ಮಾತು; ಹೋಟೆಲಿನಲ್ಲಿ ಮಾತ್ರ ತಮ್ಮದನ್ನು ತಾವೇ ಕೊಡಬೇಕು. ಎಷ್ಟೋ ಹೋಟೆಲಿನವರು ಕವಿಗಳ ಹತ್ತಿರ ದುಡ್ಡು ತೆಗೆದುಕೊಳ್ಳಲು ನಾಚುತ್ತಿದ್ದರು. ಇವರು ಬಿಡುತ್ತಿರಲಿಲ್ಲ. "ನಾ ನಿನ್ನ ಚಾ ಪುಕಟ್ ಕುಡುದ್ರ ನಾಳೆ ನೀ ನನ್ನ ಮಾತು ಪುಕಟ್ ಕೇಳ್ತಿ. ನಿಂದೂ ಕಸಬು, ನಂದೂ ಕಸಬು." ಶಾಲು, ಹಾರ ಎಂದರೆ ಮುಖ ಗಂಟಿಕ್ಕುತ್ತಿದ್ದರು. ಸನ್ಮಾನ ಎಂದರೆ ಕೂಲಿ ತಪ್ಪಿಸುವ ಹಂಚಿಕೆ ಎಂದೇ ಅವರ ಲೆಕ್ಕ. "ಕೊಪ್ಪಳದ ಬಿಸಲಾಗ ಉಣ್ಣಿ ಶಾಲು ಹೊದಸ್ತಾರಲ್ಲ, ಇವರಿಗೇನು ನನ್ನ ಮ್ಯಾಲ ಸಿಟ್ಟೋ?" ಎಂದು ಕೇಳುತ್ತಿದ್ದರು. ಬೇಡ ಎಂದರೂ ಹೊದಿಸಿದ ಶಾಲುಗಳನ್ನೆಲ್ಲ ಅವರ ಮನೆಯವರು ಕತ್ತರಿಸಿ ಸೇರಿಸಿ ಒಂದು ಕೌದಿ ಹೊಲಿದಿದ್ದರು. ಜರಿಯ ಅಂಚು ಅಲ್ಲಲ್ಲಿ ಚುಚ್ಚುತ್ತಿತ್ತು. ಅದರ ಮೇಲೆ ಮಲಗಿದರೆ ಸನ್ಮಾನದ ಭಾಷಣಗಳೆಲ್ಲ ನೆನಪಾಗಿ ಬೇಗ ನಿದ್ದೆ ಬರುತ್ತದೆ ಎಂದು ಕವಿಗಳ ಸಮಾಧಾನ.

ಅವರು ನಾಟಕ ಬರೆಯುವ ರೀತಿಯನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ. ನಾಟಕ ಬೇಕಾದ ಊರಿನವರು ತಟ್ಟೆಯಲ್ಲಿ ಎಲೆ, ಅಡಿಕೆ, ಮುಂಗಡ ಇಟ್ಟುಕೊಂಡು ಅವರ ಮನೆಗೆ ಬರಬೇಕು. ಅದಕ್ಕೆ ವೀಳ್ಯ ಎನ್ನುತ್ತಾರೆ. ವೀಳ್ಯ ಹಿಡಿದ ಮೇಲೆ ಕವಿಗಳು ಆ ಊರಿಗೆ ಹೋಗಿ ಹೋಟೆಲು, ಕ್ಷೌರದಂಗಡಿ, ರೇಷನ್ ಅಂಗಡಿಯ ಸಾಲು ಎಲ್ಲ ಕಡೆ ಕೂತು ಬರುತ್ತಿದ್ದರು. ಕಥೆ ಹೊಸದೇನಲ್ಲ. ತಮ್ಮ ಹತ್ತಿರ ಇರುವುದು ನಾಲ್ಕೈದೇ ಕಥೆ ಎಂದು ಅವರೇ ಹೇಳುತ್ತಿದ್ದರು. ಅಣ್ಣ ತಮ್ಮಂದಿರ ಹೊಲದ ಜಗಳ, ಅತ್ತಿಗೆಯ ಮೇಲೆ ಅಪವಾದ, ಕುಡಿದು ಕೆಟ್ಟ ಮಗ. ಆದರೆ ನಾನು ಟೈಪ್ ಮಾಡುವಾಗ ಅಲ್ಲಲ್ಲಿ ಖಾಲಿ ಬಿಡಿಸುತ್ತಿದ್ದರು. "ಇಲ್ಲಿ ನಾಲ್ಕು ಸಾಲು ಬಿಡು. ಇದು ಊರಿನ ಜಾಗ." ಅಲ್ಲಿಗೆ ಬರುತ್ತಿದ್ದುದು ಆ ಊರಿನದೇ ಮಾತು, ಆ ಊರಿನದೇ ನಗೆ, ಆ ಊರಿನದೇ ಒಬ್ಬ ಮನುಷ್ಯ.

ಆ ಮನುಷ್ಯನನ್ನು ರಂಗದ ಮೇಲೆ ಚೇಷ್ಟೆ ಮಾಡುವ ಮೊದಲು ಕವಿಗಳು ಅವನ ಮನೆಗೆ ಹೋಗುತ್ತಿದ್ದರು. ಚಹಾ ಕುಡಿದು, ಅವನ ಮೇಲೆ ಬರೆದ ಮಾತನ್ನು ಅವನಿಗೇ ಓದಿ ಹೇಳುತ್ತಿದ್ದರು. ಅವನು ಹೂಂ ಎಂದರೆ ಮಾತ್ರ ಅದು ನಾಟಕಕ್ಕೆ. ಯಲಬುರ್ಗಾ ಕಡೆಯ ಒಂದು ಊರಿನ ಹಿಟ್ಟಿನ ಗಿರಣಿಯವನ ಮೇಲೆ ಬರೆದ ಮಾತು ನನಗೆ ಈಗಲೂ ಬಾಯಿಪಾಠ: "ನಮ್ಮೂರ ಗಿರಣಿ ಸಾಹುಕಾರಗ ಜ್ವಾಳ ಕೊಟ್ರ ಹಿಟ್ಟು ಮಾಡಿ ಕೊಡ್ತಾನ, ಸುದ್ದಿ ಕೊಟ್ರ ರೊಟ್ಟಿನ ಸುಟ್ಟು ಕೊಡ್ತಾನ." ಗಿರಣಿಯವನು ಮನೆಯಲ್ಲಿ ಇದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕನಂತೆ. ನಾಟಕದ ದಿನ ಹೊಸ ಧೋತರ ಉಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತು, ತನ್ನ ಮಾತು ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದನಂತೆ. ಬಂದಾಗ ಎದ್ದು ನಿಂತು ಕೈಮುಗಿದನಂತೆ.

ಹೀಗೆ ಊರಿನ ಜಾಗ ತುಂಬಿದ ನಾಟಕಗಳಲ್ಲಿ ಚೆನ್ನಾಗಿ ಓಡಿದ್ದನ್ನು ಪುಸ್ತಕ ಮಾಡಿಸುತ್ತಿದ್ದರು. ಆಡಬೇಕಾದ ಬೇರೆ ಊರಿನವರು ಪಾತ್ರಕ್ಕೊಂದರಂತೆ ಪುಸ್ತಕ ಕೊಳ್ಳಬೇಕು, ಕವಿಗಳನ್ನು ಕರೆಸಿ ತಮ್ಮ ಊರಿಗೆ ತಕ್ಕಂತೆ ತಿದ್ದಿಸಿಕೊಳ್ಳಬೇಕು. ಇಷ್ಟರಲ್ಲಿ ಅವರ ಸಂಸಾರ ನಡೆದಿತ್ತು.

ಕೆಟ್ಟದ್ದು ಮೊಬೈಲಿನಿಂದ. ಒಂದು ದಿನ ಬಂದವರು ಕರೆಂಟನ್ನೂ ಕೇಳಲಿಲ್ಲ. "ತಂಗಿ, ನನ್ನ ನಾಟಕ ಎಲ್ಲಾ ಮೊಬೈಲಿನಾಗ ಅದಾವಂತ. ತಗದು ತೋರ್ಸು" ಎಂದರು. ಹುಡುಕಿದೆ. ಅವರ ಪುಸ್ತಕಗಳನ್ನು ಯಾರೋ ಪುಟಪುಟ ಫೋಟೋ ಹೊಡೆದು ಪಿಡಿಎಫ್ ಮಾಡಿ ಗುಂಪುಗಳಿಗೆ ಹಾಕಿದ್ದರು. ಅಲ್ಲಿಂದ ಒಂದು ಜಾಲತಾಣಕ್ಕೂ ಹೋಗಿತ್ತು. 'ಉಚಿತ ನಾಟಕಗಳು' ಎಂದು ಮೇಲೆ ಹೂವಿನ ಚಿತ್ರ. ಪಕ್ಕದಲ್ಲಿ ಟ್ರ್ಯಾಕ್ಟರ್ ಸಾಲದ ಜಾಹೀರಾತು. ಪುಟ ತಿರುಗಿಸಿದಷ್ಟೂ ಜಾಹೀರಾತಿನವರಿಗೆ ಲಾಭ, ಉಚಿತ ಏನಿದ್ದರೂ ಕವಿಗಳ ಪಾಲಿಗೆ. ನಾಟಕದ ವೀಡಿಯೋಗಳೂ ಇದ್ದವು. ಒಂದು ಊರಿನಲ್ಲಿ ಆಡಿದ್ದನ್ನು ನೋಡಿ ಇನ್ನೊಂದು ಊರಿನವರು ಪುಸ್ತಕವೂ ಇಲ್ಲದೆ ಕಲಿಯುತ್ತಿದ್ದರು.

ಅವರು ಬಯ್ಯುತ್ತಾರೆ ಎಂದು ನಾನು ಕಾದೆ. ಕನ್ನಡಕ ಏರಿಸಿ ಒಂದೊಂದೇ ಪುಟ ನೋಡುತ್ತ ಹೋದರು. ಕೊನೆಯ ದೃಶ್ಯದಲ್ಲಿ ಫೋಟೋ ಹೊಡೆದವನ ಹೆಬ್ಬೆರಳು ಪುಟದ ಮೇಲೆ ಬಿದ್ದು ಎರಡು ಸಾಲು ಮುಚ್ಚಿತ್ತು. ಆಗ ಸಿಟ್ಟು ಬಂತು ನೋಡಿ. "ಕಳವು ಮಾಡಾಕ ಬಂದವ ಬಟ್ಟ ತಗದು ಮಾಡಬಾರದ? ಅತ್ತಿಗಿ ಸಾಯೂಮುಂದ ಆಡೋ ಮಾತಿನ ಮ್ಯಾಲ ಇವನ ಬಟ್ಟ ಕುಂತೈತಲ್ಲ! ಈಗ ಊರೂರಾಗ ಅತ್ತಿಗಿ ಏನಂತ ಸಾಯಬೇಕು?" ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನಕ್ಕು ಮುಗಿದ ಮೇಲೆ ಕುರ್ಚಿಯ ಮೇಲೆ ಕೂತರು. ನನ್ನ ಅಂಗಡಿಯಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ವರ್ಷ ದೀಪಾವಳಿ ಕಳೆದರೂ ಒಂದು ವೀಳ್ಯವೂ ಬರಲಿಲ್ಲ. ಗಂಗಾವತಿಯಲ್ಲಿ ರೈಸ್ ಮಿಲ್ಲಿನಲ್ಲಿರುವ ಅಳಿಯ, ಗೇಟಿನಲ್ಲಿ ಕೂತು ಲಾರಿಯ ನಂಬರು ಬರೆದುಕೊಳ್ಳುವ ಕೆಲಸ ಖಾಲಿ ಇದೆ ಎಂದು ಹೇಳಿ ಕಳಿಸಿದ್ದ. "ಅದೂ ಬರಿಯೋ ಕೆಲಸನ ಐತಲ್ರಿ ಮಾಮಾ" ಎಂದನಂತೆ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಕವಿಗಳು ನನ್ನ ಮುಂದೆ ಅದನ್ನು ಹೇಳಿ, "ಬರೀಬೌದು ತಂಗಿ. ಆದ್ರ ಲಾರಿಗೆ ನಗು ಬರಂಗಿಲ್ಲಲ್ಲ" ಎಂದರು. ಯುಗಾದಿಯವರೆಗೆ ನೋಡುವುದು, ಯಾರೂ ಬರದಿದ್ದರೆ ಗಂಗಾವತಿಯ ಬಸ್ಸು ಹತ್ತುವುದು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

ಗಂಗಾವತಿಯಲ್ಲಿ ಅವರ ಒಬ್ಬ ಗೆಳೆಯರಿದ್ದರು, ವಾರಪತ್ರಿಕೆಗೆ ಧಾರಾವಾಹಿ ಕಾದಂಬರಿ ಬರೆದು ಬದುಕಿದವರು. ಪತ್ರಿಕೆ ಅಚ್ಚು ನಿಲ್ಲಿಸಿ ಇಂಟರ್‌ನೆಟ್ಟಿಗೆ ಹೋಯಿತು, ಜೊತೆಗೆ ಸಂಭಾವನೆಯೂ ನಿಂತಿತು. ಅವರ ಹಳೆಯ ಕಾದಂಬರಿಯನ್ನು ಯಾರೋ ಹಿನ್ನೆಲೆಗೆ ಕೊಳಲಿನ ದನಿ ಹಾಕಿ ಓದಿ ಮೊಬೈಲಿಗೆ ಬಿಟ್ಟಿದ್ದರು. ಕೇಳುಗರು ಊರು ತುಂಬ. ಬರೆದವರಿಗೆ ಒಂದು ಕಪ್ ಚಹಾವೂ ಇಲ್ಲ. ಅವರು ಬರೆಯುವುದನ್ನೇ ಬಿಟ್ಟರು. ಕವಿಗಳು ಅವರನ್ನು ನೋಡಿ ಬಂದ ದಿನ ಹಾಸ್ಯದ ಒಂದು ಮಾತೂ ಆಡಲಿಲ್ಲ. "ನನಗ ಅಂಜಿಕಿ ಬಂತು ತಂಗಿ" ಎಂದಷ್ಟೇ ಹೇಳಿದರು. ಅವರ ಬಾಯಲ್ಲಿ ಅಂಜಿಕೆ ಎಂಬ ಮಾತು ನಾಟಕದ ಹೊರಗೆ ನಾನು ಕೇಳಿರಲಿಲ್ಲ.

ಯುಗಾದಿಗೆ ಮೊದಲು ಕುಷ್ಟಗಿ ಕಡೆಯ ಒಂದು ಊರಿನ ಯುವಕ ಸಂಘದವರು ಮೂವರು ನನ್ನ ಅಂಗಡಿ ಹುಡುಕಿಕೊಂಡು ಬಂದರು. ಪಿಡಿಎಫ್‌ನ ಕೊನೆಯ ಪುಟದಲ್ಲಿ ಅಕ್ಷರ ಜೋಡಣೆ ಎಂದು ನನ್ನ ಅಂಗಡಿಯ ವಿಳಾಸ ಇತ್ತು. ಮುಖ ಒಣಗಿಸಿಕೊಂಡು ನಿಂತಿದ್ದರು. ನಾನು ಕವಿಗಳಿಗೆ ಫೋನ್ ಮಾಡಿದೆ. ಅವರು ಮುಂದಿನ ಬಸ್ಸಿಗೇ ಬಂದು ಕುರ್ಚಿಯಲ್ಲಿ ಕೂತರು.

ನಡೆದದ್ದು ಇಷ್ಟು. ಈ ಯುವಕರು, ಯಲಬುರ್ಗಾ ಕಡೆಯ ಆ ಊರಿಗೆ ಕವಿಗಳು ಬರೆದಿದ್ದ ನಾಟಕವನ್ನು ಮೊಬೈಲಿನಿಂದ ಇಳಿಸಿಕೊಂಡು, ಒಂದಕ್ಷರ ಬಿಡದೆ ಬಾಯಿಪಾಠ ಮಾಡಿ ಆಡಿದ್ದರು. ಗಿರಣಿಯ ಮಾತನ್ನೂ ಆಡಿದ್ದರು. ಇವರ ಊರಿನಲ್ಲೂ ಒಬ್ಬ ಗಿರಣಿಯವನಿದ್ದ. ಆ ವರ್ಷವೇ ಊರಿನ ಒಂದು ಮನೆಯಲ್ಲಿ ನಿಶ್ಚಯವಾಗಿದ್ದ ಮದುವೆ ಮುರಿದಿತ್ತು, ಮುರಿದದ್ದು ಗಿರಣಿಯಲ್ಲಿ ಹುಟ್ಟಿದ ಮಾತಿನಿಂದ ಎಂದು ಊರೆಲ್ಲ ಗುಸುಗುಸು. ಹಾಸ್ಯದವನು "ಸುದ್ದಿ ಕೊಟ್ರ ರೊಟ್ಟಿನ ಸುಟ್ಟು ಕೊಡ್ತಾನ" ಎಂದ ಕೂಡಲೇ ಜನ ಹೋ ಎಂದರು. ಗಿರಣಿಯವನು ಎದ್ದು ಹೊರಗೆ ಹೋದ. ಮರುಗಳಿಗೆ ಇಡೀ ರಂಗ ಕತ್ತಲು. ನಾಟಕಕ್ಕೆ ಕರೆಂಟ್ ಬಂದಿದ್ದುದೇ ಅವನ ಗಿರಣಿಯಿಂದ.

"ಆ ಮಾತು ನಿಮ್ಮೂರಿಗಂತ ನಾ ಬರದದ್ದಲ್ಲಲ್ಲ" ಎಂದರು ಕವಿಗಳು. "ಯಾಕ ಆಡಿದ್ರಿ?"

"ಪುಸ್ತಕದಾಗ ಇತ್ರಿ" ಎಂದ ಸಂಘದ ಅಧ್ಯಕ್ಷ. "ನಮ್ಮೂರಾಗೂ ಗಿರಣಿ ಐತಿ, ಛಲೋ ಕೂಡಿ ಬಂತು ಅಂದ್ವಿರಿ."

"ಗಿರಣಿಯವರ ಮನಿಗೆ ಮೊದಲ ಹೋಗಿದ್ರೇನು?"

"ಯಾಕ ಹೋಗಬೇಕ್ರಿ?"

"ಚಾ ಕುಡ್ಯಾಕ."

ಮೂವರೂ ಮುಖ ಮುಖ ನೋಡಿಕೊಂಡರು. ಅರ್ಧಕ್ಕೆ ನಿಂತ ನಾಟಕವನ್ನು ಪೂರ್ತಿ ಆಡದಿದ್ದರೆ ಊರಿನ ಮರ್ಯಾದೆ ಹೋಗುತ್ತದೆ, ಗಿರಣಿಯವನ ಮನೆ ಮತ್ತು ಮದುವೆ ಮುರಿದವರ ಮನೆ ಈಗ ಒಬ್ಬರಿಗೊಬ್ಬರು ನೀರು ಕೊಡುವುದನ್ನೂ ಬಿಟ್ಟಿವೆ, ಏನಾದರೂ ಮಾಡಿ ಎಂದು ಕಾಲಿಗೆ ಬೀಳುವುದೊಂದು ಬಾಕಿ. ಒಬ್ಬ ಚೀಲದಿಂದ ಶಾಲು ತೆಗೆದ. ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ.

"ಅದನ್ನ ಚೀಲದಾಗ ಇಡ್ರಿ" ಎಂದರು ಕವಿಗಳು. ಆಗ ಅವರು ಕುರ್ಚಿಯಿಂದ ಎದ್ದು ನಿಂತರು. ದನಿ ಜೋರಾಗಿರಲಿಲ್ಲ. "ಪುಸ್ತಕ ಮೊಬೈಲಿನಾಗ ಪುಕಟ್ ಐತಿ, ಇರ್ಲಿ, ಅದನ್ನ ನಾ ಕಸ್ಕೊಳ್ಳಾಕ ಆಗಂಗಿಲ್ಲ. ಆದ್ರ ನಿಮ್ಮೂರು ಅದರಾಗ ಇಲ್ಲ. ನಿಮ್ಮೂರು ಬೇಕಂದ್ರ ನಾ ಬರಬೇಕು. ನಾ ಬರಬೇಕಂದ್ರ ವೀಳ್ಯ ತರ್ರಿ."

ಅವರು ಮರುದಿನವೇ ಕುಷ್ಟಗಿಗೆ ವೀಳ್ಯ ತಂದರು. ಕವಿಗಳು ಆ ಊರಿಗೆ ಹೋಗಿ ಗಿರಣಿಯವನ ಮನೆಯಲ್ಲಿ ಕೂತು ಏನು ಮಾತಾಡಿದರೋ ನನಗೆ ಪೂರ್ತಿ ಗೊತ್ತಿಲ್ಲ. ಮೊದಲ ದಿನ ಅವನು ಚಹಾವನ್ನೂ ಕೊಡಲಿಲ್ಲ, ಎರಡನೆಯ ದಿನ ಕೊಟ್ಟ ಎಂದರು. ಮದುವೆ ಮುರಿದವರ ಮನೆಗೂ ಹೋಗಿದ್ದರಂತೆ. ಆಮೇಲೆ ನನ್ನ ಅಂಗಡಿಗೆ ಬಂದು, ರೊಟ್ಟಿಯ ಮಾತು ತೆಗೆಸಿ, ಹೊಸದು ಹೇಳಿದರು: "ಯಾರೂ ಒದರಬ್ಯಾಡ್ರಪೋ, ಗಿರಣಿ ಸಾಹುಕಾರ್ರು ಮುಂದ ಕುಂತಾರ. ಊರಿನ ಬೆಳಕೆಲ್ಲಾ ಅವರ ಒಂದ ಬಟನ್ನಿನಾಗ ಐತಿ." ನಾನು ಮಾತು ಮುಗಿಯುವ ಮೊದಲೇ ನಕ್ಕೆ.

ನಾಟಕ ಮತ್ತೆ ಆಯಿತು. ಕರೆಂಟು ಅದೇ ಗಿರಣಿಯದು. ಆ ಮಾತಿಗೆ ಗಿರಣಿಯವನು ಎದ್ದು ನಿಂತು, ಬಟನ್ ಒತ್ತುವವನ ಹಾಗೆ ಬೆರಳು ಎತ್ತಿ ತೋರಿಸಿದನಂತೆ. ಜನ ಕೇಕೆ ಹಾಕಿದರು. ಮದುವೆ ಮುರಿದ ಮನೆಯವರೂ ನಕ್ಕರು ಎಂದು ಕವಿಗಳು ನನಗೆ ಎರಡು ಸಲ ಹೇಳಿದರು.

ಇದಾದ ಮೇಲೆ ಅವರು ಮಾಡಿದ ಕೆಲಸಕ್ಕೆ ನಾನು ಇವತ್ತಿಗೂ ಬೆರಗಾಗುತ್ತೇನೆ. "ತಂಗಿ, ಇನ್ನ ಮ್ಯಾಲ ಕಳವು ಮಾಡೋರಿಗೆ ನಾವ ಛಲೋ ಪ್ರತಿ ಮಾಡಿ ಕೊಡೋಣು" ಎಂದರು. ತಲೆ ಕೆಟ್ಟಿತೇನೋ ಅಂದುಕೊಂಡೆ. ಎಲ್ಲ ನಾಟಕಗಳನ್ನೂ ನನ್ನಿಂದ ಹೊಸದಾಗಿ ಅಕ್ಷರ ಜೋಡಣೆ ಮಾಡಿಸಿದರು. ಅಕ್ಷರ ದಪ್ಪ, ಅತ್ತಿಗೆಯ ಕೊನೆಯ ಮಾತು ಪೂರ್ತಿ, ಯಾರ ಹೆಬ್ಬೆರಳೂ ಇಲ್ಲ. ಆದರೆ ಊರಿನ ಜಾಗವೆಲ್ಲ ಖಾಲಿ. ಹಾಸ್ಯದವನು ಬಾಯಿ ತೆರೆಯುವ ಹೊತ್ತಿಗೆ ಪುಟದಲ್ಲಿ ಬರೀ ಬಿಳಿ ಬಯಲು. ಪ್ರತಿ ಬಯಲಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಇದು ನಿಮ್ಮ ಊರಿನ ಜಾಗ. ಕವಿಗಳನ್ನು ಕರೆಯಿರಿ' ಎಂದು ಹಾಕಿಸಿ, ತಮ್ಮ ಫೋನ್ ನಂಬರು ಕೊಟ್ಟರು. ನಾನೇ ಅದನ್ನು ಆ ಗುಂಪುಗಳಿಗೆ ಬಿಟ್ಟೆ. ಸ್ವಚ್ಛ ಪ್ರತಿ ಸಿಕ್ಕ ಮೇಲೆ ಹೆಬ್ಬೆರಳಿನ ಪ್ರತಿಯನ್ನು ಯಾರು ಕೇಳುತ್ತಾರೆ? ಜಾಲತಾಣದವರೂ ಟ್ರ್ಯಾಕ್ಟರ್ ಜಾಹೀರಾತಿನ ಪಕ್ಕ ಅದನ್ನೇ ಹಾಕಿಕೊಂಡರು. ಅವರ ಖರ್ಚಿನಲ್ಲಿ ನಮ್ಮ ಪ್ರಚಾರ.

ಫೋನ್ ಬರತೊಡಗಿದವು. ಮೊದಲಿನಷ್ಟು ಎಂದು ಸುಳ್ಳು ಹೇಳುವುದಿಲ್ಲ. ಪುಸ್ತಕದ ಕಾಸು ಹೋಯಿತು, ಅದು ಹೋದದ್ದೇ. ಕೆಲವು ಊರಿನವರು ಬಯಲನ್ನು ತಾವೇ ತುಂಬಿಕೊಂಡು ಕೈ ಸುಟ್ಟುಕೊಂಡರು, ಕೆಲವರು ಚೆನ್ನಾಗಿಯೇ ತುಂಬಿಕೊಂಡರು. ಒಬ್ಬರಂತೂ ಬಯಲಿನ ಮಾತನ್ನು ಮೊಬೈಲಿನ ಎಐಗೇ ಹೇಳಿ ಬರೆಸಿಕೊಂಡು ಬಂದರು. ಅದರಲ್ಲಿ ಯಲಬುರ್ಗಾದ ಕುರಿ ಕಾಯುವವನು ಟಿವಿಯಲ್ಲಿ ವಾರ್ತೆ ಓದುವವರ ಹಾಗೆ ಮಾತಾಡುತ್ತಿದ್ದ. ಕವಿಗಳು ಅದನ್ನು ಪೂರ್ತಿ ಕೇಳಿ, "ಪಾಪ, ಈ ಮೊಬೈಲಿಗೆ ಯಾರೂ ಚಾ ಕುಡಸಿಲ್ಲ" ಎಂದರು. ಗಂಗಾವತಿಯ ಬಸ್ಸು ಹತ್ತಲಿಲ್ಲ. ಹತ್ತಿದರೂ ಮೊಮ್ಮಕ್ಕಳನ್ನು ನೋಡಲು, ಇಲ್ಲವೇ ಆ ಕಾದಂಬರಿಕಾರ ಗೆಳೆಯರನ್ನು. ಆ ಗೆಳೆಯರ ವಿಷಯ ಬಂದಾಗ ಮಾತ್ರ ಕವಿಗಳ ಗೆದ್ದ ಮುಖ ಇಳಿಯುತ್ತಿತ್ತು. "ಅವನ ಕಾದಂಬರ್ಯಾಗ ಖಾಲಿ ಜಾಗ ಇಲ್ಲ ತಂಗಿ. ಎಲ್ಲಾ ತುಂಬಿ ಬರದಾನ. ತುಂಬಿ ಬರದಾವಗ ಯಾಕ ಹಿಂಗ ಆಗಬೇಕು?"

ಕಳೆದ ಚಳಿಗಾಲದಲ್ಲಿ, ಊಟ ಮಾಡಿ ಕೌದಿಯ ಮೇಲೆ ಮಲಗಿದವರು ಏಳಲಿಲ್ಲ. ಸುದ್ದಿ ಕೇಳಿ ನಾನು ಅಂಗಡಿಯ ಶಟರ್ ಎಳೆದು ಒಳಗೇ ಕೂತು ಅತ್ತೆ. ನನ್ನ ಅಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಕೆಲವು ದಿನಗಳ ಮೇಲೆ ಯಲಬುರ್ಗಾ ಕಡೆಯ ಇನ್ನೊಂದು ಊರಿನ ಇಬ್ಬರು ಹಿರಿಯರು ಬಂದರು. ಕವಿಗಳು ತೀರಿಕೊಳ್ಳುವ ಹಿಂದಿನ ವಾರ ಇವರ ವೀಳ್ಯ ಹಿಡಿದಿದ್ದರು. ಹೊಸ ಪಿಡಿಎಫ್ ಇವರ ಕೈಯಲ್ಲಿತ್ತು, ಬಯಲೆಲ್ಲ ಖಾಲಿ. "ವೀಳ್ಯ ಹೊಳ್ಳಿ ಕೇಳಾಕ ಬಂದಿಲ್ರಿ ಬಾಯಾರ. ಏನು ಮಾಡಬೇಕು ತಿಳೀದಂಗ ಆಗೇತಿ" ಎಂದರು. ಅವರನ್ನು ಕರೆದುಕೊಂಡು ಕುಷ್ಟಗಿಗೆ ಹೋದೆ. ಕವಿಗಳ ಹೆಂಡತಿ ಆ ಶಾಲಿನ ಕೌದಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನಮ್ಮ ಮಾತನ್ನೆಲ್ಲ ಕೇಳಿದರು.

"ಹಿಡದ ವೀಳ್ಯ ಹೊಳ್ಳಿ ಕೊಡೋದು ಈ ಮನ್ಯಾಗ ಇಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀ ಬರದು ಕೊಡು" ಎಂದರು.

"ನಾ ಬರಿಯಾಕಿ ಅಲ್ರಿ ಅಮ್ಮಾ, ಟೈಪ್ ಮಾಡಾಕಿ."

"ಅವ್ರು ಮನಿಗೆ ಬಂದ ಕೂಡ್ಲೆ ನಾ ಕೇಳ್ತಿದ್ದೆ, ಇವತ್ತ ಯಾವ ಮಾತು ಉಳೀತು ಅಂತ. ತಂಗಿ ಮೊದಲ ನಕ್ಕಳು, ಉಳೀತು ಅಂತಿದ್ರು. ನಿನ್ನ ನಗು ಕೇಳಿ ಅವ್ರು ಬರದಾರ. ಈಗ ನಿನ್ನ ನಗು ನೀನ ಕೇಳಿ ಬರಿ." ಹಿರಿಯರಿಬ್ಬರನ್ನು ನೋಡಿ, "ಈಕಿ ಕೂಲಿ ಬ್ಯಾರೆ ಮಾತಾಡ್ರಿ. ಶಾಲು ಗೀಲು ನಡ್ಯಂಗಿಲ್ಲ" ಎಂದರು. ಆ ಮನೆಯಲ್ಲಿ ಅಷ್ಟು ದಿನಗಳ ಮೇಲೆ ಯಾರೋ ನಕ್ಕದ್ದು ಅದೇ ಮೊದಲಿರಬೇಕು.

ಆ ಹಿರಿಯರ ಊರಿಗೆ ಬಸ್ಸಿನಲ್ಲಿ ಹೋಗುವಾಗ ನನಗೆ ಹೆದರಿಕೆಯಾಯಿತು, ಮುಚ್ಚಿಡುವುದೇನು. ನಾನು ಎಡವಿದರೆ ಹೋಗುವುದು ನನ್ನ ಹೆಸರಲ್ಲ, ಅವರ ವೀಳ್ಯದ ಹೆಸರು. ಈ ಕಸಬಿಗೆ ಕೂಲಿ ಇದೆ ಎಂದು ಅವರು ಬದುಕಿಡೀ ಹೇಳಿದ್ದು ಅವರ ಜೊತೆಗೇ ಮಣ್ಣಾಗುತ್ತದೆ. ಆ ಊರಿನಲ್ಲಿ ಬಸ್ಸು ನಿಲ್ಲುವ ಕಡೆ ಒಬ್ಬ ಹೆಂಗಸಿನ ಚಹಾದ ಹೋಟೆಲು. ವಯಸ್ಸಾದವಳು, ಗಟ್ಟಿ ದನಿ. ನಾನು ಬೆಂಚಿನ ಮೇಲೆ ಕೂತದ್ದೇ ಯಾವ ಊರು, ಯಾರ ಮಗಳು, ಗಂಡ ಏನು ಮಾಡುತ್ತಾನೆ, ಹೊಲ ಎಷ್ಟು ಎಂದು ಶುರು ಮಾಡಿದಳು. ನನಗಷ್ಟೇ ಅಲ್ಲ, ಬಂದವರಿಗೆಲ್ಲ. ಎರಡು ದಿನ ಹೋಗಿ ಅಲ್ಲೇ ಕೂತೆ. ಎರಡನೆಯ ದಿನ, ಮಾತು ತಲೆಯಲ್ಲಿ ಪೂರ್ತಿಯಾಗುವ ಮೊದಲೇ ನನಗೆ ನಗು ಬಂತು.

ಅವಳ ಮುಂದೆ ನಿಂತು ಓದಿದೆ. ಕೂತು ಓದಲು ಧೈರ್ಯ ಬರಲಿಲ್ಲ. "ಅಮ್ಮಾ, ನಾಟಕದಾಗ ಹಾಸ್ಯದವ ಹಿಂಗ ಅಂತಾನ್ರಿ: ನಮ್ಮೂರ ಹೋಟೆಲಿನಾಗ ಚಾ ಕುಡೀಬೇಕಂದ್ರ ಆಧಾರ ಕಾರ್ಡು ಬ್ಯಾಡ. ಅಪ್ಪನ ಹೆಸರು, ಅಜ್ಜನ ಹೆಸರು, ಹೊಲದ ಬದುವು ಹೇಳಿದ್ರ ಸಾಕು. ಅಷ್ಟು ಹೇಳೂದ್ರಾಗ ಚಾ ಆರಿ ಸರಬತ್ತು ಆಗಿರ್ತತಿ."

ಅವಳು ನಗಲಿಲ್ಲ. ಒಲೆಯ ಮೇಲಿನ ಪಾತ್ರೆ ಇಳಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ಇಷ್ಟನ?" ಎಂದಳು.

"ಯಾಕ್ರಿ ಅಮ್ಮಾ?"

"ಗಿರಣಿಯಾವಗ ಎರಡು ಮಾತು ಬರದಿದ್ರಂತ ನಿಮ್ಮ ಕವಿಗಳು, ಎಲ್ಲಾ ಕೇಳೇನಿ ನಾ. ಒಂದು ರೊಟ್ಟೀದು, ಒಂದು ಬಟನ್ನಿಂದು. ನನಗ ಒಂದ ಮಾತ?"

ಅವು ಎರಡು ಊರಿನ ಇಬ್ಬರು ಗಿರಣಿಯವರ ಮಾತು ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಅವಳು ಹೊಸ ಚಹಾ ಬಸಿದು ನನ್ನ ಮುಂದೆ ಇಟ್ಟು, ಇದಕ್ಕೆ ದುಡ್ಡು ಬೇಡ ಎಂದಳು. ನಾನು ದುಡ್ಡನ್ನು ಗ್ಲಾಸಿನ ಪಕ್ಕಕ್ಕೆ ಇಟ್ಟು, "ತಗೋರಿ ಅಮ್ಮಾ, ನಿಮ್ಮದೂ ಕಸಬು, ನಂದೂ ಕಸಬು" ಎಂದು ಹೇಳಿ ಎರಡನೆಯ ಮಾತು ಬರೆಯಲು ಕೂತೆ.